ಯೌವನದಲ್ಲೇ ಪಾರ್ಶ್ವವಾಯು: ಆಟಗಾರನಿಗೆ ಚಪ್ಪಾಳೆಗಿಂತ ಮೊದಲು ಬೇಕಿರುವುದು ನಂಬಿಕೆ

ಪಾರ್ಶ್ವವಾಯು ಎಂದೊಡನೆ ಸಾಮಾನ್ಯವಾಗಿ ನೆನಪಾಗುವುದು ಇಳಿವಯಸ್ಸು, ರಕ್ತದೊತ್ತಡ, ಮಧುಮೇಹ ಮತ್ತು ಹಾಸಿಗೆ ಹಿಡಿದ ದೇಹ. ಮೂವತ್ತರ ಆಸುಪಾಸಿನ, ಪ್ರತಿನಿತ್ಯ ಗಂಟೆಗಟ್ಟಲೆ ಮೈದಾನದಲ್ಲಿ ಬೆವರು ಹರಿಸುವ ವೃತ್ತಿಪರ ಕ್ರೀಡಾಪಟುವಿಗೆ ಈ ಚಿತ್ರದಲ್ಲಿ ಸ್ಥಾನವೇ ಇಲ್ಲ. ಹೀಗಾಗಿಯೇ ಅಂಥ ಆಟಗಾರನೊಬ್ಬ ಕುಸಿದುಬಿದ್ದ ಸುದ್ದಿ ಬಂದಾಗ ಅಭಿಮಾನಿಗಳು ದಿಗ್ಭ್ರಮೆಗೊಳ್ಳುತ್ತಾರೆ. ಪ್ರಾರ್ಥನೆಗಳು ನಡೆಯುತ್ತವೆ, ಶುಭಾಶಯ ಪತ್ರಗಳು ಆಸ್ಪತ್ರೆಗೆ ಹರಿದುಬರುತ್ತವೆ, ಕ್ರೀಡಾಂಗಣದಲ್ಲಿ ಆತನ ಹೆಸರಿನ ಫಲಕಗಳು ಏಳುತ್ತವೆ.

ಈ ಪ್ರೀತಿಯ ಪ್ರಾಮಾಣಿಕತೆಯನ್ನು ಪ್ರಶ್ನಿಸಬೇಕಾಗಿಲ್ಲ. ಆದರೆ ಅದು ಯಾವಾಗ ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ ಎಂಬುದು ಮಾತ್ರ ವಿವೇಚನೆಗೆ ಯೋಗ್ಯವಾದ ಸಂಗತಿ. ಉತ್ತರ ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ 1980ರಿಂದ ಈಚೆಗೆ ನಡೆದ ಮೂರು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಭಿಮಾನಿಗಳ ಬೆಂಬಲ ಎಂಬುದು ಕಾಲದೊಂದಿಗೆ ಹೇಗೆ ಬದಲಾಗಿದೆ, ಎಲ್ಲಿ ಇನ್ನೂ ಬದಲಾಗಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮೂವರಲ್ಲಿ ಒಬ್ಬ ಬೇಸ್‌ಬಾಲ್ ಆಟಗಾರ, ಇನ್ನೊಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರ, ಮತ್ತೊಬ್ಬ ಐಸ್ ಹಾಕಿ ಆಟಗಾರ.

ನಂಬದ ನಗರ

ಜೆ.ಆರ್. ರಿಚರ್ಡ್ ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಪಿಚರ್. ಬೇಸ್‌ಬಾಲ್‌ನಲ್ಲಿ ಪಿಚರ್ ಎಂದರೆ ಕ್ರಿಕೆಟ್‌ನ ಬೌಲರ್‌ಗೆ ಸಮಾನ. ಆರು ಅಡಿ ಎಂಟು ಅಂಗುಲ ಎತ್ತರದ ಈ ಆಟಗಾರನ ಎಸೆತವನ್ನು ಎದುರಿಸಲು ಆ ಕಾಲದ ಹೆಸರಾಂತ ದಾಂಡಿಗರೇ ಹಿಂಜರಿಯುತ್ತಿದ್ದರು. ದಾಂಡಿಗನನ್ನು ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡುವ 'ಸ್ಟ್ರೈಕ್‌ಔಟ್'ಗಳಲ್ಲಿ 1978ರಲ್ಲಿ 303, 1979ರಲ್ಲಿ 313 ಆತನ ಪಾಲಾದವು. ಸತತ ಎರಡು ವರ್ಷ ಮುನ್ನೂರರ ಗಡಿ ದಾಟುವುದು ಸಾಧಾರಣ ಸಾಧನೆಯಲ್ಲ.

1980ರ ಋತುವಿನ ಮೊದಲಾರ್ಧದಲ್ಲಿ ಆತ ವೃತ್ತಿಜೀವನದ ಉತ್ತುಂಗದಲ್ಲಿದ್ದ. ಹತ್ತು ಗೆಲುವು, ನಾಲ್ಕು ಸೋಲು; ಪ್ರತಿ ಒಂಬತ್ತು ಇನಿಂಗ್ಸ್‌ಗೆ ಎದುರಾಳಿಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಕೇವಲ 1.90. ಜುಲೈ 8ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಆಲ್‌ಸ್ಟಾರ್ ಪಂದ್ಯದಲ್ಲಿ ನ್ಯಾಷನಲ್ ಲೀಗ್ ಪರ ಆಟ ಆರಂಭಿಸಿದ ಪಿಚರ್ ಆತನೇ.

ಆದರೆ ಅದೇ ಅವಧಿಯಲ್ಲಿ ರಿಚರ್ಡ್ ಒಂದು ದೂರನ್ನು ಪದೇ ಪದೇ ಹೇಳುತ್ತಿದ್ದ. ಎಸೆಯುವ ತೋಳು ಸತ್ತಂತಾಗುತ್ತಿದೆ, ಬೇಗ ದಣಿವಾಗುತ್ತಿದೆ ಎಂಬುದು ಆತನ ಅಳಲು. ಜುಲೈ 14ರಂದು ಅಟ್ಲಾಂಟಾ ವಿರುದ್ಧದ ಪಂದ್ಯದಲ್ಲಿ ಕ್ಯಾಚರ್ ತೋರಿಸುವ ಬೆರಳ ಸಂಜ್ಞೆಯೇ ಆತನಿಗೆ ಸರಿಯಾಗಿ ಕಾಣಲಿಲ್ಲ. ನಾಲ್ಕನೇ ಇನಿಂಗ್ಸ್‌ನಲ್ಲೇ ಮೈದಾನ ಬಿಟ್ಟ. ಆತ ಮತ್ತೆಂದೂ ಮೇಜರ್ ಲೀಗ್ ಪಂದ್ಯದಲ್ಲಿ ಚೆಂಡು ಎಸೆಯಲಿಲ್ಲ.

ಹ್ಯೂಸ್ಟನ್ ನಗರದ ಪ್ರತಿಕ್ರಿಯೆ ಏನಾಗಿತ್ತು? ಸೋಮಾರಿತನ ಎಂದರು ಕೆಲವರು. ನಾಟಕ ಎಂದರು ಇನ್ನು ಕೆಲವರು. ಅದೇ ವರ್ಷ ತಂಡಕ್ಕೆ ಬಂದ ನೋಲನ್ ರಯಾನ್‌ಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಂಬಳ ಗೊತ್ತಾಗಿತ್ತು. ರಿಚರ್ಡ್‌ಗೆ ಅದರ ಹೊಟ್ಟೆಕಿಚ್ಚು ಎಂಬ ವ್ಯಾಖ್ಯಾನವೂ ಹುಟ್ಟಿತು. ಮಾದಕ ವಸ್ತುವಿನ ಗುಸುಗುಸು ಕೂಡ ಹಬ್ಬಿತು. ಕಪ್ಪು ವರ್ಣದ ಆಟಗಾರನಾಗಿದ್ದುದರಿಂದಲೇ ತನ್ನ ಮಾತಿಗೆ ಬೆಲೆ ಸಿಗಲಿಲ್ಲ ಎಂಬ ನೋವು ರಿಚರ್ಡ್‌ನನ್ನು ಕೊನೆಯವರೆಗೂ ಕಾಡಿತು; ಸಹ ಆಟಗಾರರಲ್ಲಿ ಹಲವರೂ ಮುಂದೆ ಇದೇ ಅಭಿಪ್ರಾಯ ವ್ಯಕ್ತಪಡಿಸಿದರು.

ಜುಲೈ ಮೂರನೇ ವಾರದ ನಂತರ ನಡೆದ ಆಸ್ಪತ್ರೆಯ ತಪಾಸಣೆಯಲ್ಲಿ ಬಲತೋಳಿಗೆ ರಕ್ತ ಒಯ್ಯುವ ನಾಳದಲ್ಲಿ ತಡೆ ಇರುವುದು ಕಂಡುಬಂದಿತ್ತು. ಆದರೂ ಸ್ಥಿತಿ ಸ್ಥಿರವಾಗಿದೆ, ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ ಎಂದು ವೈದ್ಯರು ನಿರ್ಧರಿಸಿದರು. ಜುಲೈ 30ರಂದು ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಲಘು ಅಭ್ಯಾಸ ನಡೆಸುತ್ತಿದ್ದಾಗ ರಿಚರ್ಡ್ ಕುಸಿದುಬಿದ್ದ. ರಕ್ತದ ಹೆಪ್ಪು ಕುತ್ತಿಗೆಯ ನಾಳವನ್ನು ಮುಚ್ಚಿ ಮಿದುಳಿಗೆ ರಕ್ತ ಹರಿಯುವುದನ್ನು ತಡೆದಿತ್ತು. ದೇಹದ ಎಡಭಾಗ ಸ್ವಾಧೀನ ಕಳೆದುಕೊಂಡಿತು. ಆಗ ಆತನ ವಯಸ್ಸು 30.

ಎರಡು ವಾರಗಳ ಬಳಿಕ ಅಮೆರಿಕದ ಪ್ರಮುಖ ಕ್ರೀಡಾ ವಾರಪತ್ರಿಕೆ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಈ ಕುರಿತು ಪ್ರಕಟಿಸಿದ ವಿಸ್ತೃತ ವರದಿಯ ತಲೆಬರಹದ ತಾತ್ಪರ್ಯ 'ಈಗ ಎಲ್ಲರೂ ಆತನನ್ನು ನಂಬುತ್ತಾರೆ' ಎಂಬುದಾಗಿತ್ತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಸಮರ್ಪಕವಾದ ಉದಾಹರಣೆ ಸಿಗಲಾರದು.

ಆ ಋತುವಿನಲ್ಲಿ ಆಸ್ಟ್ರೋಸ್ ತಂಡ ಮೊದಲ ಬಾರಿಗೆ ತನ್ನ ವಿಭಾಗದ ಪ್ರಶಸ್ತಿ ಗೆದ್ದಿತು. ಸಂಭ್ರಮದಲ್ಲಿ ರಿಚರ್ಡ್ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಕೆಳಹಂತದ ಲೀಗ್‌ಗಳಲ್ಲಿ ಆಡಿ ಮರಳಲು ಮಾಡಿದ ಪ್ರಯತ್ನ ಫಲಿಸಲಿಲ್ಲ. 1984ರಲ್ಲಿ ತಂಡ ಆತನನ್ನು ಬಿಡುಗಡೆ ಮಾಡಿತು. ವ್ಯವಹಾರದ ನಷ್ಟ ಮತ್ತು ವಿಚ್ಛೇದನಗಳಿಂದ ಕೈಬರಿದಾದ ಆತ 1994ರ ವೇಳೆಗೆ ಅದೇ ಹ್ಯೂಸ್ಟನ್‌ನ ಹೆದ್ದಾರಿ ಸೇತುವೆಯೊಂದರ ಕೆಳಗೆ ಬದುಕುತ್ತಿದ್ದ. ಒಂದು ಕಾಲಕ್ಕೆ ಆತನನ್ನು ನೋಡಲು ಟಿಕೆಟ್ ಕೊಂಡು ಬರುತ್ತಿದ್ದ ಜನರ ವಾಹನಗಳು ಆ ಸೇತುವೆಯ ಮೇಲೆ ಓಡುತ್ತಿದ್ದವು. ಚರ್ಚ್‌ನ ನೆರವಿನಿಂದ ಚೇತರಿಸಿಕೊಂಡು ನಂತರ ಧರ್ಮಬೋಧಕನಾದ. 2019ರಲ್ಲಿ ತಂಡ ತನ್ನ 'ಹಾಲ್ ಆಫ್ ಫೇಮ್' ಆರಂಭಿಸಿದಾಗ ಮೊದಲ ತಂಡದ ಗೌರವಾನ್ವಿತರಲ್ಲಿ ರಿಚರ್ಡ್ ಹೆಸರಿತ್ತು. 2021ರ ಆಗಸ್ಟ್‌ನಲ್ಲಿ, 71ನೇ ವಯಸ್ಸಿನಲ್ಲಿ ಆತ ನಿಧನನಾದ.

ಆರೋಗ್ಯವಂತನಿಗೆ ಹೀಗೇಕೆ?

ಜನರ ಬಾಯಲ್ಲಿ 'ಲಕ್ವ' ಎಂದು ಕರೆಸಿಕೊಳ್ಳುವ ಈ ಕಾಯಿಲೆಯ ಮೂಲ ಕೈಕಾಲಿನಲ್ಲಿಲ್ಲ, ಮಿದುಳಿನಲ್ಲಿದೆ. ಮಿದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಮುಚ್ಚಿಹೋಗುವುದು ಒಂದು ವಿಧ. ನಾಳ ಒಡೆದು ರಕ್ತಸ್ರಾವವಾಗುವುದು ಇನ್ನೊಂದು ವಿಧ. ಹೆಚ್ಚಿನ ಪ್ರಕರಣಗಳು ಮೊದಲನೆಯ ಗುಂಪಿಗೆ ಸೇರುತ್ತವೆ. ಒಟ್ಟು ಪ್ರಕರಣಗಳಲ್ಲಿ ಶೇ. 10ರಿಂದ 15ರಷ್ಟು ಐವತ್ತು ವರ್ಷದೊಳಗಿನವರಲ್ಲಿ ಸಂಭವಿಸುತ್ತವೆ ಎಂಬುದು ವೈದ್ಯಕೀಯ ವಲಯದಲ್ಲಿ ಒಪ್ಪಿತವಾದ ಅಂದಾಜು.

ಕ್ರೀಡಾಪಟುಗಳಲ್ಲಿ ಕಾರಣಗಳು ಕೆಲವೊಮ್ಮೆ ವಿಶಿಷ್ಟವಾಗಿರುತ್ತವೆ. ರಿಚರ್ಡ್‌ನ ವಿಷಯದಲ್ಲಿ ಆತನ ವೃತ್ತಿಯೇ ಕಾರಣವಾಗಿತ್ತು. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವಿನ ಇಕ್ಕಟ್ಟಾದ ಜಾಗದಲ್ಲಿ ತೋಳಿನ ರಕ್ತನಾಳ ಹಾದುಹೋಗುತ್ತದೆ. ಸಾವಿರಾರು ಬಾರಿ ತೋಳನ್ನು ತಲೆಯ ಮೇಲಕ್ಕೆತ್ತಿ ಬೀಸುವಾಗ ಬಲಿಷ್ಠ ಸ್ನಾಯುಗಳು ಆ ನಾಳವನ್ನು ಅದುಮಿ, ಅಲ್ಲಿ ಹೆಪ್ಪು ಕಟ್ಟಲು ಆಸ್ಪದ ನೀಡಿದವು. 'ತೋಳು ಸತ್ತಂತಾಗುತ್ತಿದೆ' ಎಂಬ ಆತನ ದೂರು ಅಕ್ಷರಶಃ ನಿಜವಾಗಿತ್ತು.

ಇನ್ನೊಂದು ಕಾರಣ ಹುಟ್ಟಿನಿಂದಲೇ ಬಂದದ್ದು. ಗರ್ಭದಲ್ಲಿರುವ ಶಿಶುವಿನ ಹೃದಯದ ಎರಡು ಮೇಲಿನ ಕೋಣೆಗಳ ನಡುವೆ ಸಹಜವಾಗಿಯೇ ಒಂದು ಕಿಂಡಿ ಇರುತ್ತದೆ. ಜನನದ ಬಳಿಕ ಅದು ಮುಚ್ಚಿಕೊಳ್ಳಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಮುಚ್ಚುವುದಿಲ್ಲ. ವೈದ್ಯರು ಇದನ್ನು 'ಪಿಎಫ್‌ಒ' ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ಬಹುತೇಕರಿಗೆ ಜೀವಮಾನವಿಡೀ ಇದರಿಂದ ತೊಂದರೆಯಾಗದು. ಆದರೆ ಕಾಲಿನ ನಾಳದಲ್ಲೆಲ್ಲೋ ಹುಟ್ಟಿದ ಸಣ್ಣ ಹೆಪ್ಪು ಶ್ವಾಸಕೋಶದಲ್ಲಿ ಸೋಸಿಹೋಗುವ ಬದಲು ಈ ಕಿಂಡಿಯ ಮೂಲಕ ನುಸುಳಿದರೆ ನೇರವಾಗಿ ಮಿದುಳನ್ನು ತಲುಪಬಹುದು. ಉಳಿದ ಇಬ್ಬರು ಆಟಗಾರರ ಕಥೆ ಈ ಕಿಂಡಿಯ ಸುತ್ತಲೇ ಇದೆ.

ಬೋಸ್ಟನ್‌ನ ಎರಡು ಮನಸ್ಸು

ಟೆಡಿ ಬ್ರುಸ್ಕಿ ಅಮೆರಿಕನ್ ಫುಟ್‌ಬಾಲ್‌ನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ರಕ್ಷಣಾ ಆಟಗಾರ. 2005ರ ಫೆಬ್ರವರಿ 6ರಂದು ತಂಡ ನಾಲ್ಕು ವರ್ಷಗಳಲ್ಲಿ ಮೂರನೇ ಬಾರಿಗೆ ಸೂಪರ್ ಬೌಲ್ ಗೆದ್ದಾಗ ಆತ ಮೈದಾನದಲ್ಲಿದ್ದ. ಹತ್ತು ದಿನಗಳ ನಂತರ, ಫೆಬ್ರವರಿ 16ರ ನಸುಕಿನಲ್ಲಿ ತಲೆನೋವು ಮತ್ತು ಮೈ ಜೋಮಿನೊಂದಿಗೆ ಎಚ್ಚರಗೊಂಡ. ಕೆಲವು ಗಂಟೆಗಳಲ್ಲಿ ಎಡಬದಿಯ ದೃಷ್ಟಿ ಹೋಯಿತು. ಎಡಗಡೆಯಿಂದ ಬಂದ ಮಗನೇ ಆತನಿಗೆ ಕಾಣಲಿಲ್ಲ. ಮನೆಯವರು ಆಂಬುಲೆನ್ಸ್ ಕರೆಸಿದರು. 31 ವರ್ಷದ ಆಟಗಾರನಿಗೆ ಪಾರ್ಶ್ವವಾಯು ಆಗಿತ್ತು. ಪರೀಕ್ಷೆಯಲ್ಲಿ ಹೃದಯದ ಕಿಂಡಿ ಪತ್ತೆಯಾಯಿತು. ಮುಂದಿನ ತಿಂಗಳು ಅದನ್ನು ಮುಚ್ಚಲಾಯಿತು.

ಇಲ್ಲಿ ಅಭಿಮಾನಿಗಳ ವರ್ತನೆ ಹ್ಯೂಸ್ಟನ್‌ನದಕ್ಕಿಂತ ತೀರಾ ಭಿನ್ನವಾಗಿತ್ತು. ಆಟಗಾರನ ಮಾತನ್ನು ಅನುಮಾನಿಸಿದವರಿಲ್ಲ. 2005ರ ಇಡೀ ಋತುವನ್ನು ಕೈಬಿಡುವುದಾಗಿ ಬ್ರುಸ್ಕಿ ಮೊದಲು ಪ್ರಕಟಿಸಿದಾಗ ಜನ ಅದನ್ನು ಸಹಜವೆಂದೇ ಸ್ವೀಕರಿಸಿದರು. ಪರ ವಿರೋಧದ ಚರ್ಚೆ ಹುಟ್ಟಿದ್ದು ಆತ ಮನಸ್ಸು ಬದಲಿಸಿ, ವೈದ್ಯರ ಒಪ್ಪಿಗೆಯೊಂದಿಗೆ ಅಕ್ಟೋಬರ್‌ನಲ್ಲೇ ಮರಳಲು ಹೊರಟಾಗ. ಪುಟ್ಟ ಮಕ್ಕಳ ತಂದೆಯಾದವನು ಇಂಥ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಸರಿಯೇ ಎಂದು ಕ್ರೀಡಾ ಅಂಕಣಕಾರರು ಕೇಳಿದರು. ಬದುಕನ್ನೇ ಪಣಕ್ಕಿಟ್ಟ ಆಟವನ್ನು ನೋಡಿ ಚಪ್ಪಾಳೆ ತಟ್ಟುವುದು ಹೇಗೆ ಎಂಬ ಮುಜುಗರ ಅಭಿಮಾನಿಗಳಲ್ಲೂ ಇತ್ತು.

ಅಕ್ಟೋಬರ್ 30ರ ರಾತ್ರಿ ಬಫಲೋ ಬಿಲ್ಸ್ ವಿರುದ್ಧದ ಪಂದ್ಯದಲ್ಲಿ, ಪಾರ್ಶ್ವವಾಯುವಿಗೆ ತುತ್ತಾದ ಎಂಟೂವರೆ ತಿಂಗಳಿಗೆ ಬ್ರುಸ್ಕಿ ಮೈದಾನಕ್ಕಿಳಿದ. ಕ್ರೀಡಾಂಗಣ ಎದ್ದುನಿಂತು ಸ್ವಾಗತಿಸಿತು. ತಂಡ 21-16ರಿಂದ ಗೆದ್ದಿತು. ಆ ವರ್ಷದ ಅತ್ಯುತ್ತಮ ಪುನರಾಗಮನದ ಪ್ರಶಸ್ತಿಯನ್ನು ಆತ ಇನ್ನೊಬ್ಬ ಆಟಗಾರನೊಂದಿಗೆ ಹಂಚಿಕೊಂಡ. 2009ರಲ್ಲಿ ನಿವೃತ್ತನಾದ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಮತ್ತೊಂದು ವೀರಗಾಥೆಯಾಗಿ ಉಳಿಯುತ್ತಿತ್ತು. ಆದರೆ 2005ರಲ್ಲೇ ಬ್ರುಸ್ಕಿ 'ಟೆಡೀಸ್ ಟೀಮ್' ಎಂಬ ಸಂಸ್ಥೆ ಹುಟ್ಟುಹಾಕಿದ. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು, ಅವರ ಬಂಧುಗಳು, ಅಭಿಮಾನಿಗಳು ಬೋಸ್ಟನ್ ಮ್ಯಾರಥಾನ್‌ನಂಥ ಓಟಗಳಲ್ಲಿ ಭಾಗವಹಿಸಿ ಕಾಯಿಲೆಯ ಕುರಿತ ಜಾಗೃತಿಗೆ, ರೋಗಿಗಳ ನೆರವಿಗೆ ಹಣ ಕೂಡಿಸುತ್ತಾರೆ. ಒಬ್ಬ ಆಟಗಾರನ ಮೇಲಿನ ಅಕ್ಕರೆ ಆತನ ಹೆಸರೂ ಕೇಳದ ರೋಗಿಗಳಿಗೆ ತಲುಪಿದ ಬಗೆ ಇದು. 2019ರ ಜುಲೈ 4ರಂದು ಬ್ರುಸ್ಕಿಗೆ ಎರಡನೇ ಬಾರಿ ಪಾರ್ಶ್ವವಾಯುವಾಯಿತು. ತೋಳು ಸೋತು, ಮುಖ ಓರೆಯಾಗಿ, ಮಾತು ತೊದಲಿದಾಗ ಅದೇನೆಂದು ಗುರುತಿಸಲು ಈ ಬಾರಿ ತಡವಾಗಲಿಲ್ಲ. ವರ್ಷಗಟ್ಟಲೆ ಇತರರಿಗೆ ಹೇಳುತ್ತ ಬಂದ ಪಾಠ ಆತನ ಮನೆಯಲ್ಲೇ ಉಪಯೋಗಕ್ಕೆ ಬಂದಿತ್ತು.

ಪಿಟ್ಸ್‌ಬರ್ಗ್‌ನ ಹನ್ನೆರಡು ದಿನ

ಮೂರನೆಯವ ಕ್ರಿಸ್ ಲೆಟಾಂಗ್. ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಈತ ಐಸ್ ಹಾಕಿಯ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ರಕ್ಷಣಾ ಆಟಗಾರ. 2014ರ ಜನವರಿ ಕೊನೆಯಲ್ಲಿ ತಲೆಸುತ್ತು, ವಾಕರಿಕೆ ಕಾಣಿಸಿಕೊಂಡಾಗ ಆತನಿಗೆ 26 ವರ್ಷ. ಪಾರ್ಶ್ವವಾಯು ಎಂದು ಫೆಬ್ರವರಿ 7ರಂದು ತಂಡ ಬಹಿರಂಗಪಡಿಸಿತು. ವಿಷಯವನ್ನು ಮುಚ್ಚಿಡದೆ ಹೇಳಿಕೊಂಡರೆ ಇಂಥ ಲಕ್ಷಣಗಳಿರುವ ಇತರರು, ವಯಸ್ಸು ಎಷ್ಟೇ ಇರಲಿ, ವೈದ್ಯರ ಬಳಿ ಹೋಗಲು ನೆರವಾದೀತು ಎಂಬ ಆಶಯವನ್ನು ಲೆಟಾಂಗ್ ಅಂದೇ ವ್ಯಕ್ತಪಡಿಸಿದ್ದ. ಎರಡು ತಿಂಗಳ ನಂತರ, ಏಪ್ರಿಲ್ 9ರಂದು ಆಟಕ್ಕೆ ಮರಳಿದ. 2016ರಲ್ಲಿ ಪೆಂಗ್ವಿನ್ಸ್‌ಗೆ ಸ್ಟಾನ್ಲಿ ಕಪ್ ತಂದುಕೊಟ್ಟ ಅಂತಿಮ ಪಂದ್ಯದ ನಿರ್ಣಾಯಕ ಗೋಲು ಆತನದೇ.

2022ರ ನವೆಂಬರ್ 28ರಂದು, 35ನೇ ವಯಸ್ಸಿನಲ್ಲಿ ಎರಡನೇ ಪಾರ್ಶ್ವವಾಯು. ಮರುದಿನದ ಪಂದ್ಯ ಮುಗಿದ ಮೇಲೆ ಸಹ ಆಟಗಾರರಿಗೆ ಈ ಸುದ್ದಿ ತಿಳಿಸುವಾಗ ಲೆಟಾಂಗ್ ಸ್ವತಃ ಡ್ರೆಸ್ಸಿಂಗ್ ಕೊಠಡಿಯಲ್ಲಿದ್ದ. ತಾನು ಚೆನ್ನಾಗಿದ್ದೇನೆ ಎಂಬುದನ್ನು ಅವರು ಕಣ್ಣಾರೆ ನೋಡಲಿ ಎಂಬುದು ಆತನ ಇಚ್ಛೆಯಾಗಿತ್ತು. ಡಿಸೆಂಬರ್ 10ರಂದು, ಅಂದರೆ ಹನ್ನೆರಡೇ ದಿನಗಳಲ್ಲಿ ಆತ ಮತ್ತೆ ಮಂಜಿನ ಅಂಗಳದಲ್ಲಿದ್ದ. ಈ ಬಾರಿಯ ಆಘಾತ ಮೊದಲಿನದಕ್ಕಿಂತ ಸೌಮ್ಯ, ವೃತ್ತಿಜೀವನಕ್ಕೆ ಧಕ್ಕೆಯಿಲ್ಲ ಎಂದು ತಂಡದ ಆಡಳಿತ ಸ್ಪಷ್ಟಪಡಿಸಿತ್ತು. 2023ರಲ್ಲಿ ಲೀಗ್ ಆತನಿಗೆ ಛಲ ಮತ್ತು ಕ್ರೀಡಾನಿಷ್ಠೆಗಾಗಿ ಬಿಲ್ ಮಾಸ್ಟರ್‌ಟನ್ ಸ್ಮಾರಕ ಟ್ರೋಫಿ ನೀಡಿ ಗೌರವಿಸಿತು. ಈ ಟ್ರೋಫಿಗೆ ಹೆಸರು ಕೊಟ್ಟ ಮಾಸ್ಟರ್‌ಟನ್ 1968ರಲ್ಲಿ ಪಂದ್ಯವೊಂದರಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಪ್ರಾಣ ಕಳೆದುಕೊಂಡ ಆಟಗಾರ ಎಂಬುದನ್ನು ಇಲ್ಲಿ ನೆನೆಯಬೇಕು. ಛಲವನ್ನು ಕೊಂಡಾಡುವ ಪ್ರಶಸ್ತಿಯ ಹಿಂದೆಯೇ ಒಂದು ಸಾವು ನಿಂತಿದೆ.

ಲೆಟಾಂಗ್‌ನ ಹೃದಯದ ಕಿಂಡಿಯನ್ನು ಮುಚ್ಚಿದ್ದು 2025ರ ಏಪ್ರಿಲ್‌ನಲ್ಲಿ. ವೈದ್ಯಕೀಯ ತಿಳಿವಳಿಕೆಯೂ ಈ ನಡುವೆ ಬದಲಾಗಿದೆ. ಬ್ರುಸ್ಕಿಯ ಕಾಲದಲ್ಲಿ ಕಿಂಡಿ ಮುಚ್ಚುವುದರಿಂದ ನಿಶ್ಚಿತ ಪ್ರಯೋಜನವಿದೆ ಎಂಬುದಕ್ಕೆ ದೃಢವಾದ ಆಧಾರವಿರಲಿಲ್ಲ. 2017ರಲ್ಲಿ ಒಟ್ಟಿಗೆ ಪ್ರಕಟವಾದ ಮೂರು ಅಧ್ಯಯನಗಳು, ಅರವತ್ತರೊಳಗಿನ ಆಯ್ದ ರೋಗಿಗಳಲ್ಲಿ ಇದು ಮರುಕಳಿಕೆಯನ್ನು ಕಡಿಮೆ ಮಾಡುತ್ತದೆಂದು ತೋರಿಸಿದವು. ಎಂದು ಆಡಬೇಕು, ಎಂದು ನಿಲ್ಲಿಸಬೇಕು ಎಂಬ ತೀರ್ಮಾನ ವೈದ್ಯರಿಗೇ ಇಷ್ಟು ಕಠಿಣವಾಗಿರುವಾಗ, ಗ್ಯಾಲರಿಯಲ್ಲಿ ಕುಳಿತವರು ಅದನ್ನು ನಿರ್ಧರಿಸಲು ಹೋಗುವುದು ಸಾಧುವಲ್ಲ.

ಬದಲಾದದ್ದೇನು, ಉಳಿದದ್ದೇನು?

ಮೂರು ಪ್ರಕರಣಗಳ ನಡುವಿನ ಮುಖ್ಯ ವ್ಯತ್ಯಾಸ ಆಟಗಾರರ ಸ್ವಭಾವದಲ್ಲಿಲ್ಲ. ಬ್ರುಸ್ಕಿ ಮತ್ತು ಲೆಟಾಂಗ್ ಇಬ್ಬರ ಸುತ್ತಲೂ ಅವರ ಮಾತನ್ನು ಕೇಳಿಸಿಕೊಳ್ಳುವ ಮನೆ, ತಂಡ ಮತ್ತು ನಗರ ಇತ್ತು. ಸ್ಕ್ಯಾನಿಂಗ್ ತಂತ್ರಜ್ಞಾನ ಸುಧಾರಿಸಿತ್ತು. ಕಾಯಿಲೆಯ ಹೆಸರು ಖಚಿತವಾಗಿ ಗೊತ್ತಾದ ಮೇಲೆಯೇ ಜನರಿಗೆ ಸುದ್ದಿ ತಲುಪಿತ್ತು. ರಿಚರ್ಡ್‌ನ ಪಾಲಿಗೆ ಇವಾವುವೂ ಇರಲಿಲ್ಲ. ಆತ ತನಗೇನೋ ಆಗುತ್ತಿದೆ ಎಂದು ಹೇಳಿದಾಗ, ಅದಕ್ಕೊಂದು ಹೆಸರಿರಲಿಲ್ಲ. ಹೆಸರಿಲ್ಲದ ನೋವನ್ನು ನೆಪವೆಂದು ತಿಳಿಯುವುದು ಸುಲಭ.

ಇಲ್ಲಿಯೇ ಅಭಿಮಾನದ ನಿಜವಾದ ಪರೀಕ್ಷೆ ಇರುವುದು. ಆಸ್ಪತ್ರೆಯ ಪ್ರಕಟಣೆ ಹೊರಬಿದ್ದ ಮೇಲೆ ಹೂಗುಚ್ಛ ಕಳುಹಿಸುವುದು ಯಾರಿಗೂ ಕಷ್ಟವಲ್ಲ. ಗೆಲ್ಲಲೇಬೇಕಾದ ಪಂದ್ಯದ ಹಿಂದಿನ ದಿನ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದಾಗ, 'ನನ್ನಿಂದ ಆಗುತ್ತಿಲ್ಲ' ಎನ್ನುವ ಆಟಗಾರನನ್ನು ನಂಬುವುದು ಕಷ್ಟ. ರಿಚರ್ಡ್‌ಗೆ ನೆರವು ಬೇಕಿದ್ದದ್ದು ಜುಲೈ 30ರ ನಂತರವಲ್ಲ, ಅದಕ್ಕೂ ಮೊದಲಿನ ವಾರಗಳಲ್ಲಿ.

ಇನ್ನೊಂದು ಅಪಾಯ ಇದಕ್ಕೆ ವಿರುದ್ಧ ದಿಕ್ಕಿನದು. ಎದ್ದುನಿಂತು ತಟ್ಟುವ ಚಪ್ಪಾಳೆ, ಪುನರಾಗಮನದ ಪ್ರಶಸ್ತಿ, 'ಹೋರಾಟಗಾರ' ಎಂಬ ಬಿರುದು ಇವೆಲ್ಲ ಮರಳಿ ಬಂದವರಿಗೆ ಮೀಸಲು. ಬೇಡವೆಂದು ಹಿಂದೆ ಸರಿದವನಿಗೆ ಪ್ರಶಸ್ತಿಯಿಲ್ಲ. ಬೇಗ ಗುಣಮುಖನಾಗು ಎಂಬ ಹಾರೈಕೆಯೊಳಗೆ ಬೇಗ ಬಂದು ಆಡು ಎಂಬ ಬೇಡಿಕೆ ಅರಿವಿಲ್ಲದೆಯೇ ಸೇರಿಕೊಳ್ಳುತ್ತದೆ. ಬ್ರುಸ್ಕಿಗೂ ಲೆಟಾಂಗ್‌ಗೂ ಮರಳುವ ನಿರ್ಧಾರ ಸರಿಹೋಯಿತು. ಅದನ್ನೇ ಮಾನದಂಡವಾಗಿಸಿ, ಮರಳಲಾಗದವರನ್ನು ಅಳೆಯತೊಡಗಿದರೆ ಅದು ಇನ್ನೊಂದು ಬಗೆಯ ಅನ್ಯಾಯವಾದೀತು.

ಮೂರನೆಯದು ಅಭಿಮಾನದ ಆಯುಸ್ಸಿನ ಪ್ರಶ್ನೆ. ಕುಸಿದುಬಿದ್ದ ದಿನದಿಂದ ಸೇತುವೆಯ ಕೆಳಗಿನ ದಿನಗಳವರೆಗೆ ರಿಚರ್ಡ್‌ಗೆ ಹದಿನಾಲ್ಕು ವರ್ಷ ಹಿಡಿಯಿತು. ಅಷ್ಟು ಕಾಲ ಒಬ್ಬ ಆಟಗಾರನನ್ನು ನೆನಪಿಟ್ಟುಕೊಳ್ಳುವ ಶಕ್ತಿ ಯಾವ ಗ್ಯಾಲರಿಗೂ ಇಲ್ಲ. ಅದಕ್ಕೆ ಒಪ್ಪಂದದ ಭದ್ರತೆ, ಆಟಗಾರರ ಸಂಘ, ಪಿಂಚಣಿ, ವಿಮೆ ಬೇಕಾಗುತ್ತವೆ. ಮೊದಲ ಪಾರ್ಶ್ವವಾಯುವಿಗೆ ಆರು ತಿಂಗಳು ಮುಂಚೆಯೇ ಲೆಟಾಂಗ್ ಎಂಟು ವರ್ಷಗಳ 5.8 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ್ದ ಎಂಬುದು ಈ ಹಿನ್ನೆಲೆಯಲ್ಲಿ ಸಣ್ಣ ಸಂಗತಿಯಲ್ಲ. ದೇಹವೇ ಬಂಡವಾಳವಾಗಿರುವ ವೃತ್ತಿಯಲ್ಲಿ ನಾಳೆಯ ಚಿಂತೆ ಇಲ್ಲದವನು ಇಂದು ನೋವನ್ನು ಮುಚ್ಚಿಡಬೇಕಾಗಿಲ್ಲ.

ನಮ್ಮ ನಡುವಿನ ಮಾತು

ದೂರದ ಆಟಗಳ ಈ ಪಾಠ ಕ್ರಿಕೆಟ್‌ಪ್ರಿಯ ನಾಡಿಗೂ ಅನ್ವಯಿಸುತ್ತದೆ. ವೇಗದ ಬೌಲರ್ ಜಸ್‌ಪ್ರೀತ್ ಬುಮ್ರಾ ಬೆನ್ನಿನ ಗಾಯದಿಂದ 2022ರ ಟಿ-20 ವಿಶ್ವಕಪ್ ತಪ್ಪಿಸಿಕೊಂಡಾಗ, ಐಪಿಎಲ್ ಬಂದರೆ ಬೆನ್ನುನೋವು ತಾನಾಗಿಯೇ ಮಾಯವಾಗುತ್ತದೆ ಎಂಬ ಕುಹಕ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ವಾಸ್ತವದಲ್ಲಿ ಬುಮ್ರಾ 2023ರ ಐಪಿಎಲ್‌ನಲ್ಲಿ ಒಂದು ಎಸೆತವನ್ನೂ ಹಾಕಲಿಲ್ಲ. ಆ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ ಪಡೆದು, ಆಗಸ್ಟ್‌ನಲ್ಲಷ್ಟೇ ಮರಳಿದ್ದು. ಬೆನ್ನಿನ ಗಾಯವನ್ನೂ ಪಾರ್ಶ್ವವಾಯುವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ಹ್ಯೂಸ್ಟನ್‌ನಲ್ಲಿ 1980ರಲ್ಲಿ ಕೇಳಿಬಂದ ಮಾತಿಗೂ ಇದಕ್ಕೂ ಧಾಟಿಯಲ್ಲಿ ಹೆಚ್ಚಿನ ಅಂತರವಿಲ್ಲ.

ಪಾರ್ಶ್ವವಾಯುವಿನ ಮಟ್ಟಿಗೆ ಹೇಳುವುದಾದರೆ, ಗಟ್ಟಿಮುಟ್ಟಾದ ದೇಹಕ್ಕೆ ಅದು ಬರುವುದಿಲ್ಲ ಎಂಬ ನಂಬಿಕೆಯನ್ನು ಬೆಂಗಳೂರಿನವರೇ ಆದ ಉದ್ಯಮಿಯೊಬ್ಬರು ಅಲುಗಾಡಿಸಿದ್ದಾರೆ. ವ್ಯಾಯಾಮದ ವಿಷಯದಲ್ಲಿ ಬಹಳ ಶಿಸ್ತಿನವರೆಂದು ಹೆಸರಾದ, ಜೆರೋಧಾ ಸಂಸ್ಥೆಯ ನಿತಿನ್ ಕಾಮತ್ ತಮಗೆ ಲಘು ಪಾರ್ಶ್ವವಾಯುವಾಗಿತ್ತು ಎಂದು 2024ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅವರಿಗೆ ಆಗ 44 ವರ್ಷ. ತಂದೆಯ ಅಗಲಿಕೆ, ನಿದ್ರೆಯ ಕೊರತೆ, ಬಳಲಿಕೆ, ನಿರ್ಜಲೀಕರಣ, ಅತಿಯಾದ ವ್ಯಾಯಾಮ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು ಎಂದು ಅವರು ಬರೆದುಕೊಂಡಿದ್ದರು. ಸುದ್ದಿ ಓದಿದ ಅನೇಕ ನಗರವಾಸಿಗಳು ತಮ್ಮ ದಿನಚರಿಯನ್ನು ಒಮ್ಮೆ ತಿರುಗಿ ನೋಡಿಕೊಂಡಿರಬೇಕು.

ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ಲೆಕ್ಕಾಚಾರವಿದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ನಾಳದೊಳಗೆ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಗೆ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಅವಕಾಶವಿದೆಯಾದರೂ, ಬೇಗ ತಲುಪಿದಷ್ಟೂ ಫಲ ಹೆಚ್ಚು. ಮುಖ ಒಂದು ಬದಿಗೆ ಓರೆಯಾಗುವುದು, ಎತ್ತಿದ ಕೈ ಸೋತು ಇಳಿಯುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ದೃಷ್ಟಿ ಮಂಜಾಗುವುದು, ನಡಿಗೆಯ ಸಮತೋಲನ ತಪ್ಪುವುದು ಇವು ಪ್ರಮುಖ ಲಕ್ಷಣಗಳು. ಒಂದು ಕಾಣಿಸಿಕೊಂಡರೂ ಮಲಗಿ ಎದ್ದರೆ ಸರಿಹೋದೀತು ಎಂದು ಕಾಯದೆ 108ಕ್ಕೆ ಕರೆ ಮಾಡುವುದು ಲೇಸು. ರೋಗಿಯ ವಯಸ್ಸು ಇಪ್ಪತ್ತಾರೇ ಆಗಿರಲಿ, ಆತ ಪಂದ್ಯಶ್ರೇಷ್ಠನೇ ಆಗಿರಲಿ, ಈ ಸೂಚನೆಗೆ ವಿನಾಯಿತಿಯಿಲ್ಲ.

ಅಭಿಮಾನಿಗಳು ವೈದ್ಯರಾಗಬೇಕಿಲ್ಲ. ತಮ್ಮ ನೆಚ್ಚಿನ ಆಟಗಾರ ಸುಸ್ತಾಗಿದೆ ಎಂದಾಗ ಕೊಂಚ ತಾಳ್ಮೆ, ಮೈದಾನಕ್ಕೆ ಮರಳುವುದಿಲ್ಲ ಎಂದಾಗ ಅದೇ ಗೌರವ, ಆಟ ಮುಗಿದ ಮೇಲೂ ಆತನ ಬದುಕಿನ ಬಗ್ಗೆ ಒಂದಿಷ್ಟು ಕಾಳಜಿ ತೋರಿದರೆ ಸಾಕು. ತಂಡಗಳ ಆಡಳಿತ ಮಂಡಳಿಗಳು ಗ್ಯಾಲರಿಯ ದನಿಗೆ ಕಿವಿಗೊಡುತ್ತವೆ. ಆ ದನಿ 'ಮೊದಲು ತಪಾಸಣೆ ಮಾಡಿಸಿ' ಎಂದು ಕೇಳತೊಡಗಿದರೆ, ಮುಂದಿನ ರಿಚರ್ಡ್ ಕುಸಿದುಬೀಳುವ ಮೊದಲೇ ಚಿಕಿತ್ಸೆ ಪಡೆಯುವ ಸಾಧ್ಯತೆ ಹೆಚ್ಚುತ್ತದೆ.